ಕೀಲಿಮಣೆಯ ಕಾಲುದಾರಿಗಳು

ಕನ್ನಡದಲ್ಲಿ ಅಡ್ಡದಾರಿ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಅಡ್ಡದಾರಿ ಹಿಡಿದವನೆಂದರೆ ಶ್ರಮವನ್ನು ತಪ್ಪಿಸಿಕೊಂಡು ಫಲವನ್ನು ಮಾತ್ರ ಬಯಸಿದವನೆಂದು ಜನರು ತಿಳಿಯುತ್ತಾರೆ. ಆದರೆ ಇದೇ ಜನರು ದಿನನಿತ್ಯವೂ ನಡೆದಾಡುವ ಇನ್ನೊಂದು ದಾರಿಯುಂಟು. ಅದು ಕಾಲುದಾರಿ. ಬಂಡಿಯ ಹಾದಿ ಊರನ್ನು ಬಳಸಿಕೊಂಡು ಹೋಗುತ್ತಿದ್ದರೆ ಕಾಲುದಾರಿಯು ಹೊಲದ ಬದುವಿನ ಮೇಲೆ, ಹಳ್ಳದ ದಂಡೆಗುಂಟ ನೇರವಾಗಿ ಸಾಗುತ್ತದೆ. ಅದನ್ನು ಯಾವ ಇಲಾಖೆಯೂ ಕಟ್ಟಿಸಿದ್ದಲ್ಲ; ನಿತ್ಯ ನಡೆದವರ ಪಾದಗಳೇ ಅದನ್ನು ಮೂಡಿಸಿದವು. ಎಲ್ಲಿ ಮುಳ್ಳಿದೆ, ಎಲ್ಲಿ ಕೆಸರಿದೆ ಎಂಬುದನ್ನು ಬಲ್ಲವನಿಗೆ ಮಾತ್ರ ಅದು ಒಲಿಯುತ್ತದೆ. ಅಡ್ಡದಾರಿಯು ಕಲಿಕೆಯನ್ನು ತಪ್ಪಿಸುವಂಥದು. ಕಾಲುದಾರಿಯಾದರೋ ಕಲಿಕೆಯಿಂದಲೇ ದೊರೆಯುವಂಥದು. ಗಣಕಯಂತ್ರದ ಕೀಲಿಮಣೆಯಲ್ಲಿ ಶಾರ್ಟ್‌ಕಟ್ ಎಂದು ಕರೆಯಲ್ಪಡುವ ಬೆರಳ ಸಂಕೇತಗಳು ಈ ಎರಡನೆಯ ಜಾತಿಗೆ ಸೇರಿದವು.

ಇಂದಿನ ಗಣಕಯಂತ್ರದ ಪರದೆಯ ತುಂಬ ಚಿತ್ರಗಳೂ ಗುಂಡಿಗಳೂ ಇರುತ್ತವೆ. ಬೇಕಾದುದರ ಮೇಲೆ ಬಾಣವನ್ನಿಟ್ಟು ಮೌಸನ್ನು ಒತ್ತಿದರೆ ಕೆಲಸ ನಡೆಯುತ್ತದೆ. ಈ ಚಿತ್ರಜಗತ್ತಿನ ಹಿಂದೆ ಮತ್ತೊಂದು ಪರದೆಯಿದೆ. ಅದು ಬಹುಮಟ್ಟಿಗೆ ಕಪ್ಪಾದುದು. ಅದರಲ್ಲಿ ಮಿನುಗುವ ಕರ್ಸರ್ ಒಂದು, ಖಾಲಿ ಸಾಲು ಒಂದು. ಬಳಸುವವನು ಆ ಸಾಲಿನಲ್ಲಿ ತನ್ನ ಆದೇಶವನ್ನು ಅಕ್ಷರಗಳಲ್ಲಿ ಬರೆದು ಎಂಟರ್ ಕೀಲಿಯನ್ನು ಒತ್ತಬೇಕು. ಯಂತ್ರವೂ ಅಕ್ಷರಗಳಲ್ಲಿಯೇ ಉತ್ತರಿಸುತ್ತದೆ. ಇದಕ್ಕೆ ಕಮಾಂಡ್ ಲೈನ್ ಎಂದೂ, ಆದೇಶವನ್ನು ಓದಿ ನಡೆಸಿಕೊಡುವ ಕ್ರಮವಿಧಿಗೆ ಶೆಲ್ ಎಂದೂ ಹೆಸರು. ಮೊದಲ ಸಲ ಕಂಡವರಿಗೆ ಈ ಕಪ್ಪು ಪರದೆ ಭಯ ಹುಟ್ಟಿಸುವುದು ಸಹಜ. ಅಲ್ಲಿ ಕೈಹಿಡಿದು ನಡೆಸುವ ಚಿತ್ರವಿಲ್ಲ; ಏನು ಕೇಳಬೇಕೆಂದು ತಿಳಿಯದವನಿಗೆ ಅದು ಏನನ್ನೂ ಹೇಳುವುದಿಲ್ಲ. ಆದರೆ ಜಗತ್ತಿನ ದೊಡ್ಡ ದೊಡ್ಡ ಗಣಕಗಳನ್ನು ನೋಡಿಕೊಳ್ಳುವವರು ಇಂದಿಗೂ ತಮ್ಮ ಕೆಲಸದ ಬಹುಭಾಗವನ್ನು ಈ ಖಾಲಿ ಸಾಲಿನಲ್ಲಿಯೇ ಮಾಡುತ್ತಾರೆ.

ಈ ಸಾಲಿನ ಮಿತಭಾಷೆಗೆ ಒಂದು ಚರಿತ್ರೆಯಿದೆ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲಾರಂಭಿಸಿದಾಗ ಅವರ ಮುಂದೆ ಇದ್ದುದು ಗಾಜಿನ ಪರದೆಯಲ್ಲ, ಟೆಲಿಟೈಪ್ ಎಂಬ ತಂತಿಯ ಬೆರಳಚ್ಚು ಯಂತ್ರ. 33ನೆಯ ಮಾದರಿಯ ಟೆಲಿಟೈಪ್ ಒಂದು ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಕಾಗದದ ಮೇಲೆ ಒತ್ತಬಲ್ಲದಾಗಿತ್ತು. ಅದರ ಕೀಲಿಗಳು ಬಿರುಸಾದವು. ಪ್ರತಿಯೊಂದು ಅಕ್ಷರಕ್ಕೂ ಬೆರಳು ಬಲ ತೆರಬೇಕಾಗಿತ್ತು. ಹೀಗಾಗಿ ಆದೇಶಗಳು ಕುಗ್ಗಿದವು. ಕಡತಗಳ ಪಟ್ಟಿ ಕೇಳಲು ಎಲ್.ಎಸ್., ನಕಲು ಮಾಡಲು ಸಿ.ಪಿ., ಸ್ಥಳಾಂತರಿಸಲು ಎಂ.ವಿ., ಅಳಿಸಲು ಆರ್.ಎಂ. ಎಂಬ ಎರಡೆರಡು ಅಕ್ಷರಗಳೇ ಸಾಕಾದವು. ಇಂದು ಯಂತ್ರದ ವೇಗ ಲಕ್ಷೋಪಲಕ್ಷ ಪಟ್ಟು ಹೆಚ್ಚಿದ್ದರೂ ಆ ಎರಡಕ್ಷರದ ಆದೇಶಗಳು ಹಾಗೆಯೇ ಉಳಿದುಕೊಂಡಿವೆ. ಯಂತ್ರ ಬದಲಾದರೂ ಮನುಷ್ಯನ ಬೆರಳು ಬದಲಾಗಲಿಲ್ಲವಷ್ಟೆ!

ಕೀಲಿಮಣೆಯ ಮೂಲೆಯಲ್ಲಿರುವ ಕಂಟ್ರೋಲ್ ಎಂಬ ಕೀಲಿಯೂ ಆ ಕಾಲದ್ದೇ. ಅದನ್ನು ಒತ್ತಿಹಿಡಿದು ಒಂದು ಅಕ್ಷರವನ್ನು ಒತ್ತಿದರೆ ಆ ಅಕ್ಷರ ಅಚ್ಚಾಗುವುದಿಲ್ಲ. ಅದರ ಬದಲಿಗೆ ಒಂದು ಅಪ್ಪಣೆ ಹೊರಡುತ್ತದೆ. ಇದರ ಒಳಗುಟ್ಟು ಒಂದು ಸರಳವಾದ ಲೆಕ್ಕ. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65 ಎಂಬ ಸಂಖ್ಯೆ. ಕಂಟ್ರೋಲ್ ಕೀಲಿಯು ಅದರಿಂದ 64ನ್ನು ಕಳೆದು 1ನ್ನು ಉಳಿಸುತ್ತದೆ. ಸಿ ಅಕ್ಷರ 67 ಆದುದರಿಂದ ಕಂಟ್ರೋಲ್-ಸಿ ಎಂದರೆ 3. ಏಳನೆಯದಾದ ಕಂಟ್ರೋಲ್-ಜಿ ಟೆಲಿಟೈಪಿನ ಗಂಟೆಯನ್ನು ಬಾರಿಸುತ್ತಿತ್ತು. ಒಂಬತ್ತನೆಯದಾದ ಕಂಟ್ರೋಲ್-ಐ ಎಂದರೆ ಟ್ಯಾಬ್, ಹದಿಮೂರನೆಯದಾದ ಕಂಟ್ರೋಲ್-ಎಂ ಎಂದರೆ ಸಾಲನ್ನು ಮುಗಿಸುವ ಎಂಟರ್. ಮೇಲ್ನೋಟಕ್ಕೆ ಮಂತ್ರದಂತೆ ಕಾಣುವುದು ಒಳಹೊಕ್ಕು ನೋಡಿದರೆ ಪ್ರಾಥಮಿಕ ಶಾಲೆಯ ವ್ಯವಕಲನವೇ ಆಗಿದೆ.

1976ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಈಮ್ಯಾಕ್ಸ್ ಎಂಬ ಬರವಣಿಗೆಯ ಕ್ರಮವಿಧಿ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅವರ ಹೆಸರುಗಳು ಅದರೊಡನೆ ಸೇರಿಕೊಂಡಿವೆ. ಸಾಲಿನೊಳಗೆ ಓಡಾಡುವ ಅದರ ಬೆರಳ ಸಂಕೇತಗಳನ್ನು 1989ರಲ್ಲಿ ಬ್ರಯಾನ್ ಫಾಕ್ಸ್ ಅವರು ಬಿಡುಗಡೆ ಮಾಡಿದ ಬ್ಯಾಶ್ ಎಂಬ ಶೆಲ್ ತನ್ನದಾಗಿಸಿಕೊಂಡಿತು. ಲಿನಕ್ಸ್ ಗಣಕಗಳಲ್ಲಿ ಇಂದು ಅತ್ಯಂತ ಪರಿಚಿತವಾದ ಶೆಲ್ ಇದು. 2019ರಿಂದ ಆಪಲ್ ಗಣಕಗಳಲ್ಲಿ ಬ್ಯಾಶಿನ ಸ್ಥಾನಕ್ಕೆ ಝೀ-ಶೆಲ್ ಬಂದಿದ್ದರೂ ಮುಖ್ಯ ಸಂಕೇತಗಳು ಅಲ್ಲಿಯೂ ಬಹುಮಟ್ಟಿಗೆ ಅವೇ. ಒಂದು ಕಡೆ ಕಲಿತ ವಿದ್ಯೆ ಹತ್ತು ಕಡೆ ಉಪಯೋಗಕ್ಕೆ ಬರುವುದು ಈ ಕಲಿಕೆಯ ವಿಶೇಷವಾಗಿದೆ.

ಇನ್ನು ಆ ಸಂಕೇತಗಳ ಸ್ವರೂಪವನ್ನು ನೋಡಬಹುದು. ಉದ್ದವಾದ ಆದೇಶವೊಂದನ್ನು ಬರೆದು ಮುಗಿಸಿದ ಮೇಲೆ ಅದರ ಆರಂಭದಲ್ಲಿಯೇ ತಪ್ಪಿರುವುದು ಕಣ್ಣಿಗೆ ಬೀಳುತ್ತದೆ. ಅರಿಯದವನು ಬಾಣದ ಕೀಲಿಯನ್ನು ನಲವತ್ತು ಸಲ ಒತ್ತುತ್ತಾನೆ. ಇಲ್ಲವೇ ಬರೆದುದೆಲ್ಲವನ್ನೂ ಅಳಿಸಿ ಮತ್ತೆ ಬರೆಯುತ್ತಾನೆ. ಬಲ್ಲವನು ಕಂಟ್ರೋಲ್-ಎ ಒತ್ತುತ್ತಾನೆ. ಕರ್ಸರ್ ಸಾಲಿನ ಮೊದಲಿಗೆ ಬಂದು ನಿಲ್ಲುತ್ತದೆ. ಕಂಟ್ರೋಲ್-ಇ ಒತ್ತಿದರೆ ಕೊನೆಗೆ ಮರಳುತ್ತದೆ. ಆಲ್ಟ್ ಕೀಲಿಯೊಡನೆ ಬಿ ಒತ್ತಿದರೆ ಒಂದು ಪದದಷ್ಟು ಹಿಂದಕ್ಕೆ, ಎಫ್ ಒತ್ತಿದರೆ ಒಂದು ಪದದಷ್ಟು ಮುಂದಕ್ಕೆ. ಕಂಟ್ರೋಲ್-ಡಬ್ಲ್ಯು ಹಿಂದಿನ ಪದವನ್ನು ತೆಗೆಯುತ್ತದೆ. ಕಂಟ್ರೋಲ್-ಕೆ ಕರ್ಸರಿನಿಂದ ಕೊನೆಯವರೆಗೂ, ಬ್ಯಾಶಿನಲ್ಲಿ ಕಂಟ್ರೋಲ್-ಯು ಕರ್ಸರಿನಿಂದ ಮೊದಲಿನವರೆಗೂ ತೆಗೆಯುತ್ತದೆ. ಹೀಗೆ ತೆಗೆದುದು ನಾಶವಾಗುವುದಿಲ್ಲ. ಕತ್ತರಿಸಿದ ಬಟ್ಟೆಯ ತುಂಡನ್ನು ದರ್ಜಿಯು ಪಕ್ಕದಲ್ಲಿಟ್ಟುಕೊಳ್ಳುವಂತೆ ಶೆಲ್ ಅದನ್ನು ಕಾಯ್ದಿಡುತ್ತದೆ. ಕಂಟ್ರೋಲ್-ವೈ ಒತ್ತಿದರೆ ಬೇಕಾದ ಸ್ಥಳದಲ್ಲಿ ಮರಳಿ ತಂದಿಡುತ್ತದೆ.

ಟ್ಯಾಬ್ ಕೀಲಿಯ ಉಪಕಾರವಂತೂ ಇನ್ನೂ ದೊಡ್ಡದು. ಕಡತದ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದರೆ, ಆ ಅಕ್ಷರಗಳಿಂದ ಆರಂಭವಾಗುವ ಹೆಸರು ಒಂದೇ ಇದ್ದಲ್ಲಿ ಶೆಲ್ ಉಳಿದುದನ್ನು ತಾನೇ ಪೂರ್ಣಗೊಳಿಸುತ್ತದೆ. ಹಲವು ಇದ್ದಲ್ಲಿ ಸಮಾನವಾದ ಭಾಗದವರೆಗೆ ಬರೆದು ಸುಮ್ಮನಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಇರುವ ಹೆಸರುಗಳನ್ನೆಲ್ಲ ತೋರಿಸುತ್ತದೆ. ಇದರಿಂದ ಶ್ರಮ ಉಳಿಯುವುದು ಒಂದು ಲಾಭ. ಅದಕ್ಕಿಂತ ಹೆಚ್ಚಿನ ಲಾಭವೆಂದರೆ ತಪ್ಪು ಕಡಿಮೆಯಾಗುವುದು. ಟ್ಯಾಬ್ ಪೂರ್ಣಗೊಳಿಸಿದ ಹೆಸರಿನಲ್ಲಿ ಕಾಗುಣಿತದ ದೋಷ ನುಸುಳುವುದಿಲ್ಲ. ಹೆಸರು ಪೂರ್ಣಗೊಳ್ಳದೆ ಹೋದರೆ ತಾನು ನಿಂತಿರುವ ಸ್ಥಳವೇ ಸರಿಯಿಲ್ಲವೇನೋ ಎಂಬ ಎಚ್ಚರಿಕೆ ಬಳಸುವವನಿಗೆ ಆದೇಶ ನಡೆಯುವ ಮೊದಲೇ ದೊರೆಯುತ್ತದೆ.

ಹಿಂದೆ ಕೊಟ್ಟ ಆದೇಶಗಳನ್ನು ಶೆಲ್ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಬೇರೆ ಸೂಚನೆ ಇಲ್ಲದಿದ್ದಲ್ಲಿ ಬ್ಯಾಶ್ 500 ಆದೇಶಗಳನ್ನು ನೆನಪಿಡುತ್ತದೆ. ಬಳಸುವವನು ಬಯಸಿದರೆ ಈ ಮಿತಿಯನ್ನು ಹೆಚ್ಚಿಸಬಹುದು. ಕಂಟ್ರೋಲ್-ಆರ್ ಒತ್ತಿ ನೆನಪಿರುವ ಒಂದೆರಡು ಅಕ್ಷರಗಳನ್ನು ಬರೆದರೆ ಅವುಗಳನ್ನು ಒಳಗೊಂಡ ತೀರ ಇತ್ತೀಚಿನ ಆದೇಶ ಮುಂದೆ ಬಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಅದಕ್ಕೂ ಹಿಂದಿನದು. ಬೇಡವಾದರೆ ಕಂಟ್ರೋಲ್-ಜಿ ಒತ್ತಿ ಹುಡುಕಾಟವನ್ನು ಬಿಡಬಹುದು. ಆಲ್ಟ್ ಕೀಲಿಯೊಡನೆ ಪೂರ್ಣವಿರಾಮವನ್ನು ಒತ್ತಿದರೆ ಹಿಂದಿನ ಆದೇಶದ ಕಡೆಯ ಪದ ಬರುತ್ತದೆ. ಒಂದು ಕಡತವನ್ನು ಓದಿದವನು ಅದನ್ನೇ ತಿದ್ದಲು ಹೊರಟಾಗ ಅದರ ಉದ್ದನೆಯ ಹೆಸರನ್ನು ಎರಡನೆಯ ಬಾರಿ ಬರೆಯಬೇಕಾದ ಅಗತ್ಯವೇ ಬೀಳುವುದಿಲ್ಲ.

ಹೊಸಬರನ್ನು ಕಂಗೆಡಿಸುವ ಸಂಕೇತವೂ ಒಂದಿದೆ. ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿದರೆ ಅನೇಕ ಟರ್ಮಿನಲ್‌ಗಳಲ್ಲಿ ಪರದೆ ಸ್ತಬ್ಧವಾಗುತ್ತದೆ. ಯಾವ ಅಕ್ಷರ ಬರೆದರೂ ಕಾಣಿಸುವುದಿಲ್ಲ. ಯಂತ್ರವೇ ಕೆಟ್ಟಿತೆಂದು ತಿಳಿದು ಕಿಟಕಿಯನ್ನೇ ಮುಚ್ಚಿಬಿಡುವವರೂ ಇದ್ದಾರೆ. ನಿಜಕ್ಕೂ ಅದು ಟೆಲಿಟೈಪಿನ ಕಾಲದ ಒಂದು ಸಂಜ್ಞೆ. ಬರುತ್ತಿರುವ ಅಕ್ಷರಪ್ರವಾಹವನ್ನು ತುಸು ತಡೆಯೆಂದು ಹೇಳುವಂಥದು. ಕಂಟ್ರೋಲ್-ಕ್ಯೂ ಒತ್ತಿದೊಡನೆ ಪ್ರವಾಹ ಮತ್ತೆ ಹರಿಯುತ್ತದೆ. ಇಷ್ಟು ಸಣ್ಣ ತಿಳಿವಳಿಕೆಯಿಂದ ಎಷ್ಟು ದೊಡ್ಡ ಗಾಬರಿ ನಿವಾರಣೆಯಾಗುವುದೆಂಬುದು ಗಮನಾರ್ಹ.

ಇವೆಲ್ಲದರಿಂದ ಉಳಿಯುವುದು ಕೆಲವು ಸೆಕೆಂಡುಗಳಲ್ಲವೇ, ಅದಕ್ಕಾಗಿ ಇಷ್ಟು ಕಲಿಯಬೇಕೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ 2020ರ ವರ್ಷ ಒಂದು ಉತ್ತರವನ್ನು ಕೊಟ್ಟಿತು. ಮಹಾಮಾರಿಯ ಕಾರಣದಿಂದ ಕಚೇರಿಗಳು ಮುಚ್ಚಿದಾಗ ಬೆಂಗಳೂರಿನ ಎಷ್ಟೋ ಮಂದಿ ತರುಣ ತರುಣಿಯರು ತಮ್ಮ ಊರುಗಳಿಗೆ ಮರಳಿ ಅಲ್ಲಿಂದಲೇ ಕೆಲಸ ಮಾಡಬೇಕಾಯಿತು. ಮಲೆನಾಡಿನ ಅನೇಕ ಕಡೆಗಳಲ್ಲಿ ದೂರವಾಣಿಯ ಸಂಕೇತ ಸಿಗಬೇಕಾದರೆ ಗುಡ್ಡವನ್ನೇ ಏರಬೇಕಾಗಿತ್ತು. ಅಂಥ ಊರಿನಲ್ಲಿ, ವಯಸ್ಸಾದ ತಾಯಿತಂದೆಯರ ಮನೆಯ ಜಗಲಿಯ ಮೂಲೆಯಲ್ಲಿ ಕುಳಿತ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಅವನು ನೋಡಿಕೊಳ್ಳಬೇಕಾದ ಗಣಕ ದೂರದ ಯಾವುದೋ ನಗರದಲ್ಲಿದೆ. ಆ ಗಣಕದ ಸಂಗ್ರಹಸ್ಥಳ ನಡುರಾತ್ರಿಯಲ್ಲಿ ತುಂಬಿಹೋಗಿ, ಅದನ್ನು ನೆಚ್ಚಿಕೊಂಡ ಜನರ ಕೆಲಸ ನಿಂತಿದೆ.

ಚಿತ್ರಗಳ ಪರದೆಯನ್ನು ಅಷ್ಟು ದೂರದಿಂದ ತರಿಸಿಕೊಳ್ಳಲು ಅವನ ಕ್ಷೀಣವಾದ ಸಂಪರ್ಕಕ್ಕೆ ಶಕ್ತಿಯಿಲ್ಲ. ಆದರೆ ಎಸ್.ಎಸ್.ಎಚ್. ಎಂಬ ಸುರಕ್ಷಿತ ಮಾರ್ಗದಲ್ಲಿ ಕಮಾಂಡ್ ಲೈನಿನ ಅಕ್ಷರಗಳು ಹೇಗೋ ಹಾದುಬರುತ್ತವೆ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ಬಾಣದ ಕೀಲಿಯನ್ನು ಒತ್ತಿಹಿಡಿದರೆ ಕರ್ಸರ್ ಎಲ್ಲಿ ಬಂದಿದೆಯೆಂದು ಕಾಣುವಷ್ಟರಲ್ಲಿ ಅದು ಗುರಿಯನ್ನು ದಾಟಿಹೋಗಿರುತ್ತದೆ. ಪ್ರತಿ ಬಾಣದ ಒತ್ತಿಗೂ ಮೂರು ಸಂಕೇತಾಕ್ಷರಗಳು ತಂತಿಯಲ್ಲಿ ಸಾಗುತ್ತವೆ. ಕಂಟ್ರೋಲ್-ಎ ಎಂಬುದಕ್ಕೆ ಒಂದೇ ಸಾಕು. ಅದನ್ನು ಒತ್ತಿದವನಿಗೆ ಕರ್ಸರ್ ಎಲ್ಲಿ ನಿಲ್ಲುವುದೆಂದು ಕಣ್ಣಿನಿಂದ ನೋಡದೆಯೇ ಗೊತ್ತು. ಹತ್ತು ಅಕ್ಷರಗಳ ವೇಗದ ಟೆಲಿಟೈಪಿಗಾಗಿ ಬೆಳೆದ ಮಿತವ್ಯಯ ಅರ್ಧ ಶತಮಾನದ ಬಳಿಕ ಹೀಗೆ ಮಲೆನಾಡಿನ ಜಗಲಿಯ ಮೇಲೆ ಉಪಯೋಗಕ್ಕೆ ಬಂದಿತು. ಇಲ್ಲಿ ಉಳಿದುದು ಬರಿಯ ಸೆಕೆಂಡುಗಳಲ್ಲ; ಹೆತ್ತವರ ಹತ್ತಿರವಿದ್ದೂ ಕೆಲಸವನ್ನು ಉಳಿಸಿಕೊಳ್ಳಬಲ್ಲೆನೆಂಬ ಧೈರ್ಯ.

ಅದೇ ರಾತ್ರಿಯಲ್ಲಿ ವೇಗದ ಇನ್ನೊಂದು ಮುಖವೂ ಇದೆ. ಸ್ಥಳ ತೆರವಾಗಬೇಕಾದರೆ ಹಳೆಯ ದಾಖಲೆಯ ಕಡತಗಳನ್ನು ಅಳಿಸಬೇಕು. ತರುಣನು ಕಂಟ್ರೋಲ್-ಆರ್ ಒತ್ತಿ ಹಿಂದೊಮ್ಮೆ ಬಳಸಿದ ಅಳಿಸುವ ಆದೇಶವನ್ನು ಕರೆಯುತ್ತಾನೆ. ಅದು ಕ್ಷಣದಲ್ಲಿ ಬರುತ್ತದೆ. ಆದರೆ ಅದು ಯಾವ ದಿನದ, ಯಾವ ಸ್ಥಳದ ಆದೇಶ? ಆರ್.ಎಂ. ಎಂಬ ಆದೇಶಕ್ಕೆ ಕಸದ ಬುಟ್ಟಿಯಿಲ್ಲ. ಅದು ಅಳಿಸಿದ್ದನ್ನು ಮರಳಿ ತರುವ ಕೀಲಿ ಕೀಲಿಮಣೆಯಲ್ಲೆಲ್ಲಿಯೂ ಇಲ್ಲ. ಬೆರಳು ಎಂಟರ್ ಕೀಲಿಯ ಮೇಲಿದೆ. ದೂರದಲ್ಲಿ ಜನರು ಕಾಯುತ್ತಿದ್ದಾರೆ. ಮನುಷ್ಯನ ವಿದ್ಯೆಯ ಪರೀಕ್ಷೆ ನಡೆಯುವುದು ಇಂಥ ಗಳಿಗೆಯಲ್ಲಿಯೇ.

ಬ್ಯಾಶ್ ನಿರ್ಮಿಸಿದವರು ಈ ಗಳಿಗೆಗೂ ಒಂದು ಸಂಕೇತವನ್ನು ಇಟ್ಟಿದ್ದಾರೆ. ಆಲ್ಟ್ ಕೀಲಿಯೊಡನೆ ಹ್ಯಾಶ್ ಚಿಹ್ನೆಯನ್ನು ಒತ್ತಿದರೆ ಬರೆದ ಸಾಲಿನ ಮುಂದೆ ಆ ಚಿಹ್ನೆ ಬಂದು ಕೂಡುತ್ತದೆ. ಸಾಲು ನಡೆಯದೆ ಟಿಪ್ಪಣಿಯಾಗಿ ನೆನಪಿನಲ್ಲಿ ಉಳಿಯುತ್ತದೆ. ಅಂದರೆ ಆದೇಶವನ್ನು ಕಳೆದುಕೊಳ್ಳಬೇಕಾಗಿಯೂ ಇಲ್ಲ, ನಡೆಸಬೇಕಾಗಿಯೂ ಇಲ್ಲ. ತರುಣನು ಅದನ್ನು ಒತ್ತಿ ಒಮ್ಮೆ ಉಸಿರುಬಿಡುತ್ತಾನೆ. ತಾನು ನಿಂತಿರುವ ಸ್ಥಳ ಯಾವುದೆಂದು ಯಂತ್ರವನ್ನು ಕೇಳುತ್ತಾನೆ. ಅಳಿಸಬೇಕೆಂದಿದ್ದ ಹೆಸರುಗಳನ್ನೇ ಮೊದಲು ಎಲ್.ಎಸ್. ಆದೇಶಕ್ಕೆ ಕೊಟ್ಟು ಪಟ್ಟಿಯನ್ನು ಓದಿಕೊಳ್ಳುತ್ತಾನೆ. ಪಟ್ಟಿ ಸರಿಯೆಂದು ಮನವರಿಕೆಯಾದ ಮೇಲೆ ಹಳೆಯ ಸಾಲನ್ನು ಕರೆದು, ಕಂಟ್ರೋಲ್-ಎ ಒತ್ತಿ, ಮುಂದಿನ ಚಿಹ್ನೆಯನ್ನು ತೆಗೆದು ನಡೆಸುತ್ತಾನೆ. ಓಡಲು ಕಲಿಸುವ ವಿದ್ಯೆಗಳು ಹಲವುಂಟು. ಓಡುತ್ತಿರುವವನನ್ನು ಸರಿಯಾದ ಸ್ಥಳದಲ್ಲಿ ನಿಲ್ಲಿಸುವ ವಿದ್ಯೆಯೂ ಅವುಗಳೊಡನೆ ಸೇರಿದಾಗಲೇ ಕಲಿಕೆ ಪೂರ್ಣವಾಗುತ್ತದೆ. ಕಾಲುದಾರಿಯನ್ನು ಬಲ್ಲವನು ಹಳ್ಳ ತುಂಬಿದ ದಿನ ಅದರಲ್ಲಿ ಇಳಿಯುವುದಿಲ್ಲ.

ವೇಗದ ಮಾತನ್ನು ಬದಿಗಿಟ್ಟು ನೋಡಿದರೂ ಕೀಲಿಮಣೆಯ ಮಹತ್ವ ಕಡಿಮೆಯಾಗುವುದಿಲ್ಲ. ಪರದೆಯ ಮೇಲೆ ಬಾಣವನ್ನು ಗುರಿಯಿಡಬೇಕಾದರೆ ಕಣ್ಣು ಬೇಕು. ಕಣ್ಣಿಲ್ಲದವನಿಗೆ ಮೌಸಿನಿಂದ ಏನು ಪ್ರಯೋಜನ? ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮ ಎಂಬ ರೋಗದಿಂದ ದೃಷ್ಟಿಯನ್ನು ಕಳೆದುಕೊಂಡರು. ಮುಂದೆ ಅವರು ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ, 1994ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1995ರಲ್ಲಿ ಅವರು ಹೊರತಂದ ಈಮ್ಯಾಕ್‌ಸ್ಪೀಕ್ ಎಂಬ ಕ್ರಮವಿಧಿ ಈಮ್ಯಾಕ್ಸಿಗೆ ಮಾತು ಕಲಿಸಿತು. ಬೆರಳು ಕೀಲಿಯ ಮೂಲಕ ಕೇಳುತ್ತದೆ, ಯಂತ್ರ ದನಿಯ ಮೂಲಕ ಹೇಳುತ್ತದೆ. ನಡುವೆ ಕಣ್ಣಿನ ಹಂಗಿಲ್ಲ. ಕಣ್ಣಿರುವವನಿಗೆ ಕೆಲವು ಸೆಕೆಂಡುಗಳ ಉಳಿತಾಯವಾಗಿ ಕಾಣುವುದು ಕಣ್ಣಿಲ್ಲದವನಿಗೆ ಒಳಹೋಗುವ ಬಾಗಿಲೇ ಆಗಿದೆ. ಮೌಸಿನಿಂದ ಮಾತ್ರ ನಡೆಯುವಂತೆ ಒಂದು ಕ್ರಮವಿಧಿಯನ್ನು ಕಟ್ಟುವವರು ಆ ಬಾಗಿಲನ್ನು ಹಾಕಿದಂತೆಯೇ ಸರಿ. ನಾಳೆ ಕ್ರಮವಿಧಿಗಳನ್ನು ರಚಿಸಲಿರುವ ವಿದ್ಯಾರ್ಥಿಗಳು ಈ ಮಾತನ್ನು ಮರೆಯಲಾಗದು.

ಹಾಗೆಂದ ಮಾತ್ರಕ್ಕೆ ಮೌಸು ವೈರಿಯಲ್ಲ. ಚಿತ್ರ ಬರೆಯುವವನಿಗೆ, ನಕ್ಷೆಯನ್ನು ನೋಡುವವನಿಗೆ ಅದೇ ತಕ್ಕ ಉಪಕರಣ. ಮೌಸಿನ ಜನಕನಾದ ಡಗ್ಲಸ್ ಎಂಗೆಲ್ಬರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಅದನ್ನು ವಿದ್ವಾಂಸರ ಸಭೆಗೆ ತೋರಿಸಿದಾಗ ಆತನ ಬಲಗೈಯಲ್ಲಿ ಮೌಸು ಇದ್ದರೆ, ಎಡಗೈಯ ಕೆಳಗೆ ಐದು ಕೀಲಿಗಳ ಪುಟ್ಟ ಮಣೆಯೊಂದಿತ್ತು. ಹಾರ್ಮೋನಿಯಂ ನುಡಿಸುವವನಂತೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿ ಅದರಿಂದ ಅಕ್ಷರಗಳನ್ನೂ ಆದೇಶಗಳನ್ನೂ ಕೊಡಬಹುದಾಗಿತ್ತು. ಮೌಸನ್ನು ಕೊಟ್ಟವನೇ ಬೆರಳುಗಳ ಕಲಿಕೆಯನ್ನು ಬಿಟ್ಟುಕೊಡಲಿಲ್ಲವೆಂಬುದು ನೆನಪಿಡಬೇಕಾದ ಸಂಗತಿ. ಕಲಿಯುವುದು ಸುಲಭವೆಂದು ಮೌಸು ಉಳಿಯಿತು. ಕಲಿಯುವುದು ಕಷ್ಟವೆಂದು ಐದು ಕೀಲಿಗಳ ಮಣೆ ಮರೆಯಾಯಿತು.

ಕೈಯ ಆರೋಗ್ಯದ ಬಗೆಗೂ ಒಂದು ಮಾತು ಅಗತ್ಯ. ಕಂಟ್ರೋಲ್ ಕೀಲಿಯು ಇಂದಿನ ಕೀಲಿಮಣೆಗಳಲ್ಲಿ ಕೆಳಗಿನ ಮೂಲೆಯಲ್ಲಿರುವುದರಿಂದ ದಿನವೆಲ್ಲ ಅದನ್ನು ಒತ್ತುವವರ ಕಿರುಬೆರಳು ನೋಯುವುದುಂಟು. 1976ರ ಎ.ಡಿ.ಎಂ.-3ಎ ಎಂಬ ಟರ್ಮಿನಲ್‌ನಲ್ಲಿ ಆ ಕೀಲಿ ಎ ಅಕ್ಷರದ ಪಕ್ಕದಲ್ಲಿಯೇ, ಈಗ ಕ್ಯಾಪ್ಸ್ ಲಾಕ್ ಇರುವ ಸ್ಥಳದಲ್ಲಿ ಇತ್ತು. ಈ ಕಾರಣದಿಂದ ಅನುಭವಿಗಳು ಕ್ಯಾಪ್ಸ್ ಲಾಕ್ ಕೀಲಿಯನ್ನೇ ಕಂಟ್ರೋಲ್ ಆಗಿ ಮಾರ್ಪಡಿಸಿಕೊಳ್ಳುತ್ತಾರೆ. ಉಳಿಸಿದ ಸಮಯವನ್ನು ನೋವಿನ ಚಿಕಿತ್ಸೆಗೆ ತೆರಬೇಕಾಗಿ ಬಂದರೆ ಅದು ಉಳಿತಾಯವೆನಿಸದು.

ಈ ವಿದ್ಯೆಯನ್ನು ಕಲಿಯುವ ಕ್ರಮ ಹೊಸದೇನಲ್ಲ. ಒಂದು ಕಾಲದಲ್ಲಿ ಕರ್ನಾಟಕದ ತಾಲ್ಲೂಕು ಪಟ್ಟಣಗಳಲ್ಲಿ ಬೆರಳಚ್ಚು ಕಲಿಸುವ ಸಂಸ್ಥೆಗಳಿದ್ದವು. ಅಲ್ಲಿ ಮೊದಲ ದಿನವೇ ಯಾರೂ ಪತ್ರ ಬರೆಯುತ್ತಿರಲಿಲ್ಲ. ಎ, ಎಸ್, ಡಿ, ಎಫ್ ಎಂಬ ನಾಲ್ಕು ಕೀಲಿಗಳನ್ನೇ, ಕಣ್ಣನ್ನು ಪ್ರತಿಯ ಮೇಲಿಟ್ಟು, ಹಾಳೆ ತುಂಬುವವರೆಗೆ ಒತ್ತಬೇಕಾಗಿತ್ತು. ಬೇಸರದ ಆ ಅಭ್ಯಾಸದಿಂದ ಬೆರಳಿಗೆ ತನ್ನದೇ ಆದ ನೆನಪು ಬರುತ್ತಿತ್ತು. ಶೆಲ್ಲಿನ ಸಂಕೇತಗಳನ್ನೂ ಹೀಗೆಯೇ ಕಲಿಯಬೇಕು. ಮೂವತ್ತು ಸಂಕೇತಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದವನಿಗೆ ಒಂದೂ ನೆನಪುಳಿಯದು. ಒಂದು ವಾರ ಕಂಟ್ರೋಲ್-ಎ ಮತ್ತು ಕಂಟ್ರೋಲ್-ಇ, ಅವು ಕೈಗೆ ಹತ್ತಿದ ಮೇಲೆ ಟ್ಯಾಬ್, ಬಳಿಕ ಕಂಟ್ರೋಲ್-ಆರ್. ಎರಡು ತಿಂಗಳಲ್ಲಿ ಎಂಟು ಹತ್ತು ಸಂಕೇತಗಳು ತಮ್ಮವಾದರೆ ಜೀವಮಾನವಿಡೀ ಸಾಕಾಗುತ್ತವೆ. ಕೈಗೆ ಹತ್ತಿದುದು ಮನಸ್ಸಿನಿಂದ ಇಳಿಯುತ್ತದೆ; ಹೀಗೆ ಹಗುರಾದ ಮನಸ್ಸು ಮಾಡಬೇಕಾದ ಕೆಲಸದ ಕಡೆಗೆ ಪೂರ್ಣವಾಗಿ ತಿರುಗುತ್ತದೆ. ವೇಗದ ನಿಜವಾದ ಪ್ರಯೋಜನ ಇದೇ ಆಗಿದೆ.

ನೂಲು ಕಡಿದಾಗ ನೇಕಾರನು ಅದನ್ನು ಗಂಟುಹಾಕುವುದನ್ನು ನೋಡಿದವರಿಗೆ ಅವನ ಬೆರಳು ಮಾಡಿದುದೇನೆಂದು ಕಾಣುವುದೇ ಇಲ್ಲ. ಅವನು ಬೆರಳಿನ ಬಗೆಗೆ ಯೋಚಿಸುತ್ತಿರುವುದಿಲ್ಲ. ಅವನ ಲಕ್ಷ್ಯವೆಲ್ಲ ಸೀರೆಯ ಅಂಚಿನ ಮೇಲಿರುತ್ತದೆ. ಕೀಲಿಮಣೆಯ ಮುಂದೆ ಕುಳಿತ ವಿದ್ಯಾರ್ಥಿಗೂ ಇದೇ ಮೇಲ್ಪಂಕ್ತಿ. ಕೈಗೆ ಚುರುಕು ಇರಲಿ, ಎಂಟರ್ ಕೀಲಿಯ ಮುಂದೆ ಒಂದು ಕ್ಷಣದ ನಿಧಾನವೂ ಇರಲಿ. ಇವೆರಡೂ ಕೂಡಿದಲ್ಲಿ ಕಪ್ಪು ಪರದೆಯ ಭಯ ತಾನಾಗಿ ದೂರವಾಗಿ, ಅದು ಬರೆಯಲು ಕಾದಿರುವ ಹಲಗೆಯಂತೆ ಕಾಣತೊಡಗುವುದರಲ್ಲಿ ಸಂದೇಹವಿಲ್ಲ.